ಹನುಮಕ್ಕನ ಕಪ್ಪು-ಬಿಳುಪು ಮದುವೆ ಫೋಟೋ

ತಿಪಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಬೆಟ್ಟಸ್ವಾಮಿಯವರ ಫೋಟೋ ಸ್ಟುಡಿಯೋ ಇತ್ತು. ಮೂವತ್ತು ವರ್ಷ ಅವರೇ ಕ್ಯಾಮೆರಾ ಹಿಡಿದು, ಅವರೇ ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದು, ಅವರೇ ಪ್ರಿಂಟ್ ಹಾಕಿ ನಡೆಸಿಕೊಂಡು ಬಂದ ಅಂಗಡಿ ಅದು. ಮಗಳು ಅನುಪಮಾ ಡಿಗ್ರಿ ಮುಗಿಸಿ, ತುಮಕೂರಿನಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿಕೊಂಡು ಬಂದ ಮೇಲೆ, ೨೦೦೫ರಲ್ಲಿ, ಅಂಗಡಿಗೆ ಡಿಜಿಟಲ್ ಕ್ಯಾಮೆರಾ ಬಂತು, ಕಂಪ್ಯೂಟರ್ ಬಂತು. ಬೆಟ್ಟಸ್ವಾಮಿ ಬೇಡ ಎನ್ನಲಿಲ್ಲ. ಆದರೆ ಕಂಪ್ಯೂಟರ್ ಒಳಗೆ ಬಂದ ದಿನವೇ ತಮ್ಮ ಕುರ್ಚಿಯನ್ನು ಹೊರಗಿನ ಜಗಲಿಗೆ ಹಾಕಿಕೊಂಡರು.

"ಇನ್ಮೇಲೆ ಅದೆಲ್ಲ ನಿನ್ನ ಡಿಪಾರ್ಟ್‌ಮೆಂಟು ಕಣಮ್ಮ," ಎಂದರು. "ನಾನು ಪೇಪರ್ ಓದ್ಕೊಂಡಿರ್ತೀನಿ."

ಅವರು ಸಿಟ್ಟಾಗಿದ್ದಾರೋ, ಬೇಜಾರಾಗಿದ್ದಾರೋ ಅನುಪಮಾಗೆ ತಿಳಿಯುತ್ತಿರಲಿಲ್ಲ. ತಾಯಿ ವಿಮಲಮ್ಮ ಒಂದು ತಿಂಗಳು ಕಾದು ನೋಡಿದರು. ಗಂಡ ಕತ್ತಲೆ ಕೋಣೆಯ ಕಡೆ ತಿರುಗಿಯೂ ನೋಡದಿದ್ದಾಗ, ತೋಟದಿಂದ ಬಂದ ತೆಂಗಿನಕಾಯಿಗಳನ್ನೆಲ್ಲ ಅದರೊಳಗೆ ತುಂಬಿಸಿ ಬಾಗಿಲೆಳೆದುಕೊಂಡರು.

ಮುಂದಿನ ವರ್ಷ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅರಳಗುಪ್ಪೆಯಿಂದ ವಯಸ್ಸಾದ ದಂಪತಿ ಬಂದರು. ಮುಂದೆ ಹನುಮಕ್ಕ, ಕಂಕುಳಲ್ಲಿ ಬಟ್ಟೆ ಚೀಲ. ನಾಲ್ಕು ಹೆಜ್ಜೆ ಹಿಂದೆ ಲಿಂಗಣ್ಣ, ದಾರಿ ತಪ್ಪಿ ಬಂದವರ ಹಾಗೆ ಅತ್ತಿತ್ತ ನೋಡುತ್ತಾ.

"ಕೂಸೆ, ಮದ್ವೆ ಫೋಟೋ ತೆಗೀಬೇಕು," ಎಂದಳು ಹನುಮಕ್ಕ.

"ಯಾರ ಮದುವೆ ಅಜ್ಜಿ? ಯಾವತ್ತು?"

"ನಮ್ದೇ. ಆಗಿ ನಲ್ವತ್ತೆರಡು ವರ್ಷ ಆತು."

ಜಗಲಿಯ ಮೇಲೆ ಪೇಪರ್ ಸ್ವಲ್ಪ ಕೆಳಗಿಳಿಯಿತು.

ಹನುಮಕ್ಕ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಅವರ ಮದುವೆಗೆ ಮಾವ ಫೋಟೋದವನೊಬ್ಬನಿಗೆ ಹೇಳಿಟ್ಟಿದ್ದರಂತೆ. ಅದೇ ದಿನ ನೊಣವಿನಕೆರೆಯಲ್ಲೂ ಒಂದು ಮದುವೆ. ಆತ ತಪ್ಪು ಬಸ್ ಹತ್ತಿ ಅಲ್ಲಿ ಇಳಿದ.

"ಅಲ್ಲೋಗಿ, ಆ ಹೆಣ್ಣು ಗಂಡಿಂದೇ ಫೋಟೋ ತೆಗ್ದು, ಉಂಡು, ಅಲ್ಲೇ ಮಲೀಕಂಡ ಕಣವ್ವ."

"ನೀನ್ಯಾರು ಅಂತ ಅವರ್ಯಾರೂ ಕೇಳಲಿಲ್ವಾ?"

"ಪುಕ್ಸಟ್ಟೆ ಫೋಟೋ ಸಿಗ್ತದೆ ಅಂದ್ರೆ ಯಾರು ಕೇಳ್ತಾರೆ?"

ಹನುಮಕ್ಕನ ಮನೆಯ ನಡುಮನೆಯಲ್ಲಿ ಮೂರು ಮದುವೆ ಫೋಟೋಗಳಿದ್ದವು. ಮೂವರು ವಾರಗಿತ್ತಿಯರದು. ಮೂರೂ ಕಪ್ಪು-ಬಿಳುಪು, ಮೂರೂ ಒಂದೇ ಅಳತೆಯ ಕಟ್ಟಿನೊಳಗೆ. ಪ್ರತಿ ವರ್ಷ ಯುಗಾದಿಗೆ ಸುಣ್ಣ ಬಳಿಯುವಾಗ ಅವನ್ನು ಇಳಿಸಿ, ಗಾಜು ಒರೆಸಿ, ಮತ್ತೆ ನೇತುಹಾಕುವವಳು ಹನುಮಕ್ಕ. ಮೊಮ್ಮಕ್ಕಳು ಅಲ್ಲಿ ನಿಂತು, "ಇದು ದೊಡ್ಡಜ್ಜಿ, ಇದು ನಡುವಲಜ್ಜಿ. ನೀನೆಲ್ಲಜ್ಜಿ?" ಎಂದು ಕೇಳುತ್ತಿದ್ದವು. ಈ ಸಲ ಕೇಳಿದಾಗ ಹನುಮಕ್ಕನಿಗೆ ಯಾಕೋ ತಡೆಯಲಾಗಲಿಲ್ಲ.

"ಬಣ್ಣದ್ದು ಬ್ಯಾಡ ಕೂಸೆ. ಅವುಗಳ ಪಕ್ಕ ನೇತಾಕಿದ್ರೆ ನಿನ್ನೆ ಮೊನ್ನೆ ಮದ್ವೆ ಆದೋರಂಗೆ ಕಾಣ್ತೀವಿ."

"ಕಂಡ್ರೆ ಏನಂತೆ?" ಎಂದರು ಲಿಂಗಣ್ಣ. ಒಳಗೆ ಬಂದ ಮೇಲೆ ಅವರಾಡಿದ ಮೊದಲ ಮಾತು ಅದು.

ಚೀಲದಿಂದ ಧಾರೆ ಸೀರೆ ಹೊರಬಂತು. ನುಸಿಗುಳಿಗೆಯ ವಾಸನೆ, ಮಡಿಕೆಯ ಗುರುತು ಎಲ್ಲ ಹಾಗೇ ಇದ್ದವು. ಕೆಂಪು ಮೈ, ಗೇಣಗಲದ ಹಸಿರು ಅಂಚು. ಅದನ್ನು ಉಟ್ಟು, ಹಣೆಗೆ ಕಾಸಗಲ ಕುಂಕುಮವಿಟ್ಟುಕೊಂಡು ಹನುಮಕ್ಕ ಕುರ್ಚಿಯ ಮೇಲೆ ಕೂತಾಗ ಸ್ಟುಡಿಯೋದ ಮೂಲೆಯೇ ಬೆಳಗಿದಂತಾಯಿತು. ಲಿಂಗಣ್ಣ ಪೇಟ ಕಟ್ಟಿಕೊಳ್ಳಲು ಒಪ್ಪಲಿಲ್ಲ. ಹೆಗಲ ಮೇಲಿನ ಟವಲ್ಲನ್ನೇ ಸರಿ ಮಾಡಿಕೊಂಡು, ಉಸಿರು ಬಿಗಿಹಿಡಿದು ಕೂತರು. ಅನುಪಮಾ ಎಂಟು ಸಲ ಕ್ಲಿಕ್ ಮಾಡಿದಳು. ಎಂಟನೆಯದರಲ್ಲಿ ಲಿಂಗಣ್ಣ ಉಸಿರು ಬಿಟ್ಟಿದ್ದರು. ಅದೇ ಚೆನ್ನಾಗಿ ಬಂದಿತ್ತು.

ಬಣ್ಣ ತೆಗೆಯುವುದು ಒಂದು ಗುಂಡಿಯ ಕೆಲಸ ಎಂದು ಕೋರ್ಸಿನಲ್ಲಿ ಹೇಳಿಕೊಟ್ಟಿದ್ದರು. ಅನುಪಮಾ ಗುಂಡಿ ಒತ್ತಿದಳು, ಬಣ್ಣ ಹೋಯಿತು. ಲ್ಯಾಬಿಗೆ ಕಳಿಸಿ ದೊಡ್ಡ ಪ್ರಿಂಟ್ ಹಾಕಿಸಿದಳು. ಸೋಮವಾರ ಹನುಮಕ್ಕ ಗಂಡನೊಂದಿಗೆ ಬಂದಾಗ ಕವರಿನಿಂದ ತೆಗೆದು ಹೆಮ್ಮೆಯಿಂದ ಕೈಗೆ ಕೊಟ್ಟಳು.

ಹನುಮಕ್ಕ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮುಖದ ನಗು ನಿಧಾನವಾಗಿ ಇಳಿಯಿತು.

"ನನ್ನ ಸೀರೆ ಅಂಚೆಲ್ಲೋತು?" ಎಂದಳು.

ಅನುಪಮಾ ಇಣುಕಿದಳು. ನಿಜ. ಸೀರೆಯ ಮೈ ಎಲ್ಲಿ ಮುಗಿದು ಅಂಚು ಎಲ್ಲಿ ಶುರುವಾಗುತ್ತದೆಂದು ಗೊತ್ತೇ ಆಗುತ್ತಿರಲಿಲ್ಲ. ಕೆಂಪೂ ಹಸಿರೂ ಒಂದೇ ಬೂದು ಬಣ್ಣವಾಗಿದ್ದವು.

"ಅಂಚು ಹೋದ್ರೆ ಹೋಗ್ಲಿ ಬುಡು," ಎಂದಳು ಹನುಮಕ್ಕ. ದನಿ ಸಣ್ಣದಾಗಿತ್ತು. "ನನ್ನ ಹಣೆ ನೋಡು ಕೂಸೆ."

ಹಣೆ ಬರಿದಾಗಿತ್ತು. ಅಷ್ಟಗಲದ ಕುಂಕುಮ ಚರ್ಮದ ಬಣ್ಣದಲ್ಲೇ ಕರಗಿಹೋಗಿತ್ತು.

"ನಮ್ಮೋರು ಪಕ್ಕದಾಗೇ ಕುಂತವ್ರೆ. ನನ್ ಹಣೆ ಮಾತ್ರ ಹಿಂಗೆ. ಇದನ್ನ ಹೆಂಗವ್ವ ಗ್ವಾಡೆಗೆ ಹಾಕ್ಲಿ?"

"ನಾನು ಇಲ್ಲೇ ಗುಂಡುಕಲ್ಲಿನಂಗೆ ನಿಂತಿದೀನಲ್ಲ!" ಎಂದು ಲಿಂಗಣ್ಣ ನಗಿಸಲು ನೋಡಿದರು. ಹನುಮಕ್ಕ ನಗಲಿಲ್ಲ.

ಅನುಪಮಾಗೆ ಮುಖ ಬಿಸಿಯಾಯಿತು. ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. "ಒಂದು ನಿಮಿಷ ಅಜ್ಜಿ, ಈಗಲೇ ಸರಿ ಮಾಡ್ತೀನಿ," ಎಂದು ಕಂಪ್ಯೂಟರ್ ಮುಂದೆ ಕೂತು, ಹಣೆಯ ಮೇಲೆ ಕಪ್ಪಗೆ ಒಂದು ದುಂಡು ಬರೆದಳು. ಹನುಮಕ್ಕ ಪರದೆಯ ಹತ್ತಿರ ಬಗ್ಗಿ ನೋಡಿದಳು.

"ನೊಣ ಕುಂತಂಗೈತೆ," ಎಂದಳು.

ಆಗ ಜಗಲಿಯಿಂದ ಬೆಟ್ಟಸ್ವಾಮಿ ಎದ್ದು ಬಂದರು. ಫೋಟೋ ತೆಗೆದುಕೊಂಡು ಕನ್ನಡಕ ಮೇಲೆತ್ತಿ ನೋಡಿ, ನೇರ ಹೋಗಿ ಕತ್ತಲೆ ಕೋಣೆಯ ಬಾಗಿಲು ದೂಡಿದರು. ಒಳಗಿನಿಂದ ನಾಲ್ಕೈದು ಕಾಯಿ ಉರುಳಿ ಹೊರಗೆ ಬಂದವು. ಕಾಯಿಯ ರಾಶಿಯ ಮೇಲೆ ಹತ್ತಿ, ಅಟ್ಟಣಿಗೆಯ ಮೇಲಿನ ಒಂದು ತಗಡಿನ ಡಬ್ಬಿ ಇಳಿಸಿಕೊಂಡು ಬಂದರು. ಡಬ್ಬಿಯ ತುಂಬ ಹಳೇ ಕ್ಯಾಮೆರಾದ ಮುಂದೆ ಹಾಕುತ್ತಿದ್ದ ಬಣ್ಣಬಣ್ಣದ ಗಾಜಿನ ಬಿಲ್ಲೆಗಳು. ಅದರಲ್ಲಿ ಹಸಿರು ಬಿಲ್ಲೆಯೊಂದನ್ನು ಪಂಚೆಯ ತುದಿಯಿಂದ ಒರೆಸಿ ಮಗಳ ಕೈಗೆ ಕೊಟ್ಟರು.

"ಇದನ್ನ ಕಣ್ಣಿಗೆ ಹಿಡಿದು ಅವರ ಹಣೆ ನೋಡು."

ಅನುಪಮಾ ನೋಡಿದಳು. ಹಸಿರು ಗಾಜಿನ ಆಚೆ ಹನುಮಕ್ಕನ ಕುಂಕುಮ ಕಾಡಿಗೆಯಷ್ಟು ಕಪ್ಪಗೆ, ಕೊರೆದಿಟ್ಟ ಹಾಗೆ ಕಂಡಿತು.

"ಕೆಂಪು ಹಸಿರಿನಲ್ಲಿ ಹಾದು ಬರಲ್ಲ. ಅದಕ್ಕೇ ಕಪ್ಪಾಗುತ್ತೆ," ಎಂದರು ಬೆಟ್ಟಸ್ವಾಮಿ. "ಕೆಂಪು ಗಾಜು ಹಾಕಿದ್ರೆ ಅದೇ ಕುಂಕುಮ ವಿಭೂತಿ ಥರ ಬೆಳ್ಳಗೆ ಬರುತ್ತೆ. ಕಪ್ಪು-ಬಿಳುಪು ಅಂದ್ರೆ ಬಣ್ಣ ತೆಗೆದು ಬಿಸಾಕೋದಲ್ಲ ಕಣಮ್ಮ. ಯಾವ ಬಣ್ಣ ಎಷ್ಟು ಕಪ್ಪಾಗಬೇಕು, ಎಷ್ಟು ಬೆಳ್ಳಗಾಗಬೇಕು ಅಂತ ನಾವು ತೀರ್ಮಾನ ಮಾಡ್ಬೇಕು."

"ನಂಗೂ ಕೊಡಿ," ಎಂದು ಹನುಮಕ್ಕ ಗಾಜು ಇಸಿದುಕೊಂಡು ಗಂಡನನ್ನು ನೋಡಿದಳು. "ಇದ್ರಾಗೆ ಇವ್ರು ಇನ್ನೂ ಕರ್ರಗವ್ರೆ!" ಎಂದು ನಕ್ಕಳು. ಅವಳು ನಕ್ಕಿದ್ದನ್ನು ಕಂಡು ಅನುಪಮಾಗೆ ಜೀವ ಬಂದಂತಾಯಿತು.

"ಅಜ್ಜಿ, ಇನ್ನೆರಡು ದಿನ ಟೈಮ್ ಕೊಡಿ," ಎಂದಳು.

ಅವರು ಹೋದ ಮೇಲೆ ಅವಳು ಗಾಜಿನ ಬಿಲ್ಲೆಯನ್ನೇ ತಿರುಗಿಸುತ್ತಾ ಕೂತಳು. ಫೋಟೋ ಆಗಲೇ ತೆಗೆದಾಗಿತ್ತು, ಇನ್ನು ಕ್ಯಾಮೆರಾದ ಮುಂದೆ ಗಾಜು ಹಿಡಿದು ಏನು ಪ್ರಯೋಜನ? ಮತ್ತೆ ಕೂರಿಸಿ ತೆಗೆದರೆ ಲಿಂಗಣ್ಣ ಮತ್ತೆ ಉಸಿರು ಕಟ್ಟುತ್ತಾರೆ. ಆಗ ಅವಳಿಗೆ ಹೊಳೆಯಿತು. ಕಂಪ್ಯೂಟರಿನಲ್ಲಿ ಪ್ರತಿಯೊಂದು ಬಣ್ಣದ ಚಿತ್ರವೂ ಮೂರು ಪದರವಾಗಿ ಇರುತ್ತದೆ: ಕೆಂಪು, ಹಸಿರು, ನೀಲಿ. ಕೋರ್ಸಿನಲ್ಲಿ ಅದನ್ನು ಒಂದೇ ಒಂದು ಸಲ ತೋರಿಸಿ ಮುಂದೆ ಹೋಗಿದ್ದರು. ಅವಳು ಬಣ್ಣದ ಚಿತ್ರವನ್ನು ಮತ್ತೆ ತೆರೆದು, ಹಸಿರು ಪದರ ಒಂದನ್ನೇ ಬಿಟ್ಟು ಉಳಿದವನ್ನು ಮರೆಮಾಡಿದಳು.

"ಅಪ್ಪಾಜಿ! ಬನ್ನಿ ಇಲ್ಲಿ!"

ಬೆಟ್ಟಸ್ವಾಮಿ ಬಂದು ಪರದೆಯ ಮುಂದೆ ನಿಂತರು. ಸೀರೆ ಗಾಢ ಕಪ್ಪು, ಅಂಚು ಬೆಳ್ಳಗೆ ಮಿರಿಮಿರಿ. ಹಣೆಯ ನಡುವೆ ಕುಂಕುಮ.

"ಗಾಜು ಎಲ್ಲಿಟ್ಟೆ?" ಎಂದು ಕೇಳಿದರು.

"ಒಳಗೇ ಇತ್ತು ಅಪ್ಪಾಜಿ. ಮೂರೂ ಗಾಜು ಒಳಗೇ ಇದಾವೆ. ಫೋಟೋ ತೆಗೆದ ಮೇಲೂ ಯಾವುದು ಬೇಕೋ ಅದನ್ನ ಹಾಕ್ಕೋಬಹುದು."

ಬೆಟ್ಟಸ್ವಾಮಿ ಪರದೆಯ ಕಡೆ ಇನ್ನಷ್ಟು ಬಗ್ಗಿದರು. "ಫೋಟೋ ತೆಗೆದ ಮೇಲೂ?" ಎಂದು ಮತ್ತೆ ಕೇಳಿದರು. ಹಿಂದೆ ಗಾಜು ತಪ್ಪಿದರೆ ಫಿಲ್ಮೇ ಹೋದಂತೆ. ಮದುವೆಯನ್ನು ಇನ್ನೊಂದು ಸಲ ಮಾಡಿ ಎಂದು ಯಾರನ್ನು ಕೇಳುವುದು? ಅವರು ಹೊರಗೆ ಹೋದರು. ಪೇಪರ್ ಓದಲು ಹೋದರೇನೋ ಎಂದುಕೊಂಡಳು ಅನುಪಮಾ. ಆದರೆ ಅವರು ಜಗಲಿಯ ಕುರ್ಚಿಯನ್ನು ಎತ್ತಿಕೊಂಡು ಬಂದು ಅವಳ ಪಕ್ಕದಲ್ಲಿ ಹಾಕಿಕೊಂಡು ಕೂತರು.

ಹೊಸ ತೊಂದರೆ ಲಿಂಗಣ್ಣನ ಮುಖದ್ದಾಗಿತ್ತು. ಬಿಸಿಲಲ್ಲಿ ದುಡಿದ ಮೈ. ಹಸಿರು ಪದರದಲ್ಲಿ ಕಣ್ಣು, ಮೂಗು ಒಂದೂ ಕಾಣದಷ್ಟು ಕಪ್ಪಾಗಿತ್ತು. ಕೆಂಪು ಪದರ ಬೆರೆಸಿದರೆ ಅವರ ಮುಖ ಬೆಳಗುತ್ತಿತ್ತು, ಆದರೆ ಹನುಮಕ್ಕನ ಕುಂಕುಮ ಮಾಸುತ್ತಿತ್ತು. ಬೆಟ್ಟಸ್ವಾಮಿ, "ಅವರ ಮುಖ ಮಾತ್ರ ತಿಳಿ ಮಾಡು. ಹಿಂಗೆ," ಎನ್ನುತ್ತಾ, ಪ್ರಿಂಟ್ ಹಾಕುವಾಗ ಒಂದು ಜಾಗ ಕಪ್ಪಾಗದಿರಲೆಂದು ಕಾಗದದ ಮೇಲೆ ಬೆಳಕಿಗೆ ಅಂಗೈ ಅಡ್ಡ ಹಿಡಿದು ಆಡಿಸುತ್ತಿದ್ದ ಹಾಗೆ ಪರದೆಯ ಮುಂದೆ ಕೈ ಆಡಿಸತೊಡಗಿದರು. ಕಾಫಿ ತಂದ ವಿಮಲಮ್ಮ ಬಾಗಿಲಲ್ಲೇ ನಿಂತರು.

"ಇದೇನ್ರೀ, ಕಂಪ್ಯೂಟರಿಗೆ ದೃಷ್ಟಿ ತೆಗೀತಿದ್ದೀರಾ?"

"ಸುಮ್ನಿರೇ. ಕೆಲಸ ನಡೀತಿದೆ," ಎಂದರು ಬೆಟ್ಟಸ್ವಾಮಿ.

ಅನುಪಮಾಗೆ ಅಪ್ಪ ಹೇಳಿದ್ದು ಅರ್ಥವಾಯಿತು. ಲಿಂಗಣ್ಣನ ಮುಖಕ್ಕೆ ಮಾತ್ರ ಕೆಂಪಿನ ಪದರ ಹೆಚ್ಚು ಬೆರೆಸಿ, ಉಳಿದದ್ದಕ್ಕೆಲ್ಲ ಹಸಿರನ್ನೇ ಉಳಿಸಿದಳು. "ಗದ್ದದ ಹತ್ರ ಸ್ವಲ್ಪ ಜಾಸ್ತಿ ಆಯ್ತು." "ಈಗ?" "ಇನ್ನೊಂದು ಚೂರು." ಹೀಗೆ ಮಾತಾಡುತ್ತಾ ಇಬ್ಬರೂ ಮಧ್ಯಾಹ್ನದ ಊಟವನ್ನೇ ಮರೆತರು. ಒಂದು ವರ್ಷದಿಂದ ತಾವಿಬ್ಬರೂ ಇಷ್ಟು ಮಾತಾಡಿರಲಿಲ್ಲ ಎಂದು ಅನುಪಮಾಗೆ ಅನ್ನಿಸಿತು.

ಪ್ರಿಂಟ್ ಬಂದಾಗ ಬೆಟ್ಟಸ್ವಾಮಿಯೇ ಅದಕ್ಕೆ ಕಟ್ಟು ಹಾಕಿದರು. "ಇದನ್ನ ನಾವೇ ಹೋಗಿ ಕೊಟ್ಟು ಬರೋಣ," ಎಂದರು. ಮೊದಲ ಪ್ರಿಂಟಿನ ತಪ್ಪು ಅವರ ಮನಸ್ಸಿನಲ್ಲೂ ಉಳಿದಿತ್ತು.

ಅರಳಗುಪ್ಪೆಯ ಆ ಮನೆಯ ಅಂಗಳದಲ್ಲಿ ಹೆಂಗಸರು ಕೂತು ಕೊಬ್ಬರಿ ಕರಟ ಬಿಡಿಸುತ್ತಿದ್ದರು. ಹನುಮಕ್ಕ ಕೈ ಒರೆಸಿಕೊಂಡು ಎದ್ದಳು. ಬಣ್ಣ ಮಾಸಿದ ಕೊಬ್ಬರಿಯನ್ನು ಒಂದೇ ನೋಟದಲ್ಲಿ ಆರಿಸಿ ಬೇರೆ ಹಾಕುವ ಕಣ್ಣು ಅವಳದು. ಅನುಪಮಾ ಆ ಕಣ್ಣನ್ನೇ ನೋಡುತ್ತಾ ಫೋಟೋ ಕೊಟ್ಟಳು.

ಹನುಮಕ್ಕ ಮೊದಲು ಹಣೆ ನೋಡಿದಳು. ಆಮೇಲೆ ಬೆರಳಿನಿಂದ ಸೀರೆಯ ಅಂಚನ್ನು ಭುಜದಿಂದ ಮಡಿಲವರೆಗೆ ಸವರಿಕೊಂಡು ಬಂದಳು. ಅವಳ ಕಣ್ಣು ತುಂಬಿತು.

"ಬಂದೈತೆ ಕಣವ್ವ," ಎಂದಳು. "ಎಲ್ಲಾ ಬಂದೈತೆ."

ಲಿಂಗಣ್ಣ ಮೊಳೆ ಹೊಡೆದು, ಮೂರು ಫೋಟೋಗಳ ಸಾಲಿಗೆ ನಾಲ್ಕನೆಯದನ್ನು ನೇತುಹಾಕಿದರು. ಹಿಂದೆ ಸರಿದು ನಿಂತು, ಟವಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. "ಅಂತೂ ನಂಗೂ ಮದ್ವೆ ಆತು," ಎಂದರು. ನಡುಮನೆಯೆಲ್ಲ ನಗು.

ನಗದಿದ್ದವಳು ಹಿರಿಯ ವಾರಗಿತ್ತಿ ಭೂತಮ್ಮ ಒಬ್ಬಳೇ. ಅವಳು ತನ್ನ ಫೋಟೋವನ್ನೂ ಹನುಮಕ್ಕನದನ್ನೂ ಒಂದಾದ ಮೇಲೊಂದು ನೋಡುತ್ತಿದ್ದಳು. ಅವಳದು ಮಾಸಿ, ಹಳದಿಗೆ ತಿರುಗಿತ್ತು.

"ಅಲ್ಲ ಕಣೇ ಹನುಮಿ, ನಿನ್ನಂಚು ಹಿಂಗೆ ಮಿಂಚ್ತಾ ಐತೆ. ನಂದೂ ಅಂಚಿನ ಸೀರೇನೇ ಅಲ್ವಾ?" ಎಂದವಳೇ ಅನುಪಮಾ ಕಡೆ ತಿರುಗಿದಳು. "ಕೂಸೆ, ನಾವೂ ಬತ್ತೀವಿ. ಬರೋ ಸೋಮವಾರ. ನಮ್ಮೋರ್ನ ನಾನೇ ಎಳ್ಕಂಡ್ ಬತ್ತೀನಿ."

"ನಿಮ್ಮ ಸೀರೆ ಯಾವ ಬಣ್ಣದ್ದು ಭೂತಮ್ಮನೋರೇ?" ಎಂದು ಕೇಳಿದವರು ಬೆಟ್ಟಸ್ವಾಮಿ.

"ನೀಲಿ ಕಣ್ರೀ. ಹಳದಿ ಅಂಚು."

ತಿಪಟೂರಿಗೆ ಬಸ್ ಹತ್ತಿ ಕೂತ ಮೇಲೆ ಬೆಟ್ಟಸ್ವಾಮಿ ಕಿಟಕಿಯಾಚೆಯ ತೋಟಗಳನ್ನು ನೋಡುತ್ತಾ ತುಂಬ ಹೊತ್ತು ಯೋಚಿಸುತ್ತಿದ್ದರು. ಬಸ್ಸಿನಲ್ಲಿದ್ದ ಪರಿಚಯದವರೊಬ್ಬರು ಮಾತಾಡಿಸಿದರೂ ಅವರಿಗೆ ಕೇಳಿಸಲಿಲ್ಲ.

"ನೀಲಿ ಸೀರೆಗೆ ಯಾವ ಪದರ ಹಾಕ್ತೀಯಾ?" ಎಂದರು ಕೊನೆಗೆ.

"ನೀವೇ ಹೇಳಿ ಅಪ್ಪಾಜಿ."

"ಹೇಳೋದೇನು, ನಾನೇ ಹಾಕಿ ನೋಡ್ತೀನಿ. ಆ ಇಲಿ ಹಿಡಿಯೋದು ಹೆಂಗೆ ಅಂತ ಸ್ವಲ್ಪ ತೋರಿಸು."

"ಅದು ಮೌಸ್ ಅಪ್ಪಾಜಿ," ಎಂದು ನಕ್ಕಳು ಅನುಪಮಾ.

"ಇಲಿನೇ ಅಲ್ವೇನಮ್ಮ?" ಎಂದರು ಬೆಟ್ಟಸ್ವಾಮಿ, ಸ್ವಲ್ಪವೂ ನಗದೆ.