ಗುಡಿಸಿಟ್ಟ ಬಾಳೆ ತೋಟ

ಅಂಗಳ ಗುಡಿಸಬೇಕು, ಸರಿ. ಕಮಲಾಪುರದ ಮಹಾದೇವ ಬಾಳೆ ತೋಟವನ್ನೇ ಗುಡಿಸಿದ, ನೋಡಿ!

ಅವನದು ಹೆದ್ದಾರಿಗೆ ಹೊಂದಿಕೊಂಡ ಕೆಂಪು ಬಾಳೆ ತೋಟ. ಕಲಬುರಗಿಯ ಜೇವರ್ಗಿ ಕಾಲೋನಿಯವರು ಕಾರು ನಿಲ್ಲಿಸಿ ಹಣ್ಣು ಕೊಳ್ಳುತ್ತಿದ್ದರು, ತೋಟದೊಳಗೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವರ ಬಟ್ಟೆಗೆ ಕಸ ಹತ್ತಬಾರದೆಂದು ಮಹಾದೇವ ಒಣ ಎಲೆ, ಕಡಿದ ದಿಂಡು ಎಲ್ಲ ಕೂಡಿಸಿ ಬದುವಿನಲ್ಲಿ ಸುಡುತ್ತಿದ್ದ.

"ಅತ್ತ್ಯಾರು ದಿಂಡು ಕೊಚ್ಚಿ ಬುಡಕ್ಕ ಹಾಕ್ತಿದ್ರು. ನೀವ್ಯಾಕ ಸುಡ್ತೀರಿ? ಕಳೆ ತೆಗೀವಾಗ ಮಣ್ಣು ಕೈಗಿ ಬಿರುಸು ಹತ್ತಾಕತ್ತದ" ಎಂದಳು ಹೆಂಡತಿ ಶಿವಕಾಂತಮ್ಮ.

"ನೀ ಸುಮ್ಮಕಿರು. ಶಹಾಬಜಾರದ ವ್ಯಾಪಾರಿ ಗೊನಿ ತೂಗಿ ಭೇಷ್ ಅಂದಾನ. ಹನಿ ನೀರಾವರಿ ಸಾಹೇಬ್ರು ನೀರು ಉಳಿಸೀದಿ ಅಂತ ಬೆನ್ನು ಚಪ್ಪರಿಸ್ಯಾರ. ನಿನಗೇನು ತಿಳೀತದ?"

ವರ್ಷ ಕಳೆದಂತೆ ಗೊನೆ ಸಣ್ಣವಾದವು. ಈ ಬೇಸಿಗೆಯ ಗಾಳಿಗೆ ಅರ್ಧ ತೋಟ ಬುಡಸಮೇತ ಮಲಗಿತು. ಅಯ್ಯೋ, ಆ ತೋಟ ನೋಡಲಾಗುತ್ತಿರಲಿಲ್ಲ. ಶಿವಕಾಂತಮ್ಮ ರೈತರಿಗೆ ಬೇಸಾಯದ ಸಲಹೆ ಕೊಡುವ ಊರಿನ ಕೃಷಿ ಸಖಿ ಹಲೀಮಾಳನ್ನು ಕರೆತಂದಳು. ಹಲೀಮಾ ಗುದ್ದಲಿ ಹಾಕಿದಳು. ಒಂದು ಎರೆಹುಳವೂ ಕಾಣಲಿಲ್ಲ.

"ಅಣ್ಣಾರ, ಎಲಿ ದಿಂಡು ಎಲ್ಲ ಸುಟ್ಟು ಸುಟ್ಟು ಮಣ್ಣು ಇಟ್ಟಂಗಿ ಆಗ್ಯಾದ. ಬೇರು ಎಲ್ಲಿ ಇಳೀಬೇಕ್ರಿ?"

"ಮತ್ತ ಅವರೆಲ್ಲ ಛಲೋ ಅದ ಅಂದ್ರಲ್ಲ! ಸುಳ್ಳು ಹೇಳಿದ್ರೇನು?"

"ಸುಳ್ಳಲ್ರಿ. ವ್ಯಾಪಾರಿ ತೂಕ ನೋಡ್ದ. ಸಾಹೇಬ್ರು ನೀರು ನೋಡಿದ್ರು. ಗಿರಾಕಿ ಸ್ವಚ್ಛ ನೋಡಿದ್ರು. ಅವರವರ ಅಳತಿ ಖರೇನೇ. ಈ ತ್ವಾಟ ಮುಂದೂ ಬಾಳತದೇನು ಅಂತ ಮಾತ್ರ ಯಾರೂ ನೋಡ್ಲಿಲ್ಲ. ಅಕ್ಕಾರಿಗಿ ಗೊತ್ತಾಗಿತ್ತು, ನೀವು ಕಿವಿಗಿ ಹಾಕ್ಕೊಳ್ಳಿಲ್ಲ."

ಮಹಾದೇವ ಅಲ್ಲೇ ಕುಸಿದು ಕುಳಿತ. "ನಮ್ಮವ್ವ ಕೈಯಾರೆ ಹಚ್ಚಿದ್ದು. ಹಾಳು ಮಾಡ್ಬಿಟ್ನಿ" ಎಂದು ಅತ್ತುಬಿಟ್ಟ. ಬೈಯಬೇಕೆಂದಿದ್ದ ಶಿವಕಾಂತಮ್ಮ ಸೆರಗಿನಿಂದ ಅವನ ಕಣ್ಣೊರೆಸಿದಳು.

"ಉಳಿದದ್ದರ ಉಳಿಸ್ಕೊಳ್ರಿ" ಎಂದಳು ಹಲೀಮಾ. "ರೋಗ ಇಲ್ಲದ ದಿಂಡು ಕೊಚ್ಚಿ ಬುಡಕ್ಕ ಹಾಸ್ರಿ. ತಿಪ್ಪಿ ಗೊಬ್ಬರ ಕೊಡ್ರಿ. ಮಣ್ಣು ಪರೀಕ್ಷೆ ಮಾಡಸ್ರಿ."

"ಮೊದಲಿನಂಗ ಯಾವಾಗ ಆಗ್ತದ?"

"ಲಗೂ ಆಗಂಗಿಲ್ಲ ಅಣ್ಣಾರ. ವರ್ಷಗಟ್ಟಲೆ ಹಿಡೀತದ."

ಗಂಡಹೆಂಡತಿ ಅಂದೇ ದಿಂಡು ಕೊಚ್ಚತೊಡಗಿದರು. ಕಾರು ನಿಲ್ಲಿಸಿದ ಒಬ್ಬರು, "ಏನ್ರಿ ಇಷ್ಟು ಕಸ!" ಎಂದರು.

"ಕಸ ಅಲ್ರಿ, ತ್ವಾಟದ ಊಟ. ಫೋಟೊ ರಸ್ತೆದಾಗ ತಗೀರಿ" ಎಂದ ಮಹಾದೇವ.

ರೈತ ಬಂಧುಗಳೇ, ತೂಕ ನೋಡಿ, ನೀರೂ ನೋಡಿ. ಹಂಗಾಮಿಗೊಮ್ಮೆ ಗುದ್ದಲಿ ಹಾಕಿ ಮಣ್ಣನ್ನೂ ನೋಡಿ. ದಿನವೂ ಕಳೆ ತೆಗೆಯುವ ಮನೆಯಾಕೆಯನ್ನು ಕೇಳಿ. ಮಹಾದೇವನೂ ಹೆಂಡತಿಯ ಮಾತು ಕೇಳಿದ, ಆದರೆ ಅರ್ಧ ತೋಟ ನೆಲಕ್ಕೆ ಬಿದ್ದ ಮೇಲೆ. ನೀವು ಇವತ್ತೇ ಕೇಳಿ.