ಕರೆಂಟು ಬಂದರೆ ಹೊಡೆಯುವ ಗಂಟೆ

ಕಟ್ಟಾಯದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ಸಂಪತ್ಕುಮಾರರಿಗೆ ಆ ವರ್ಷ ಗಂಟೆಯ ಸದ್ದು ಕೇಳಿದರೇ ಎದೆ ಹೊಡೆದುಕೊಳ್ಳುತ್ತಿತ್ತು. ಆ ಗಂಟೆಯನ್ನು ಕೂರಿಸಿದವರು ಅವರೇ. ಜವಾನ ಲಕ್ಕಯ್ಯನಿಗೆ ಮಂಡಿನೋವು. ಪಿರಿಯಡ್ಡಿಗೊಮ್ಮೆ ಎದ್ದು ಹೋಗಿ ಕಂಬಿ ಬಡಿಯುವ ಕಷ್ಟ ತಪ್ಪಲಿ ಎಂದು ಅಂಗೈಯಗಲದ ಕಂಪ್ಯೂಟರ್ ಬೋರ್ಡೊಂದನ್ನು ತರಿಸಿ, ಅದರ ಒಂದು ಪಿನ್ನಿಗೆ ಗಂಟೆಯ ಕರೆಂಟು ಹಾಕಿ ಆರಿಸುವ ರಿಲೇ ಸೇರಿಸಿ, ಕರೆಂಟಿನ ಗಂಟೆ ಹೊತ್ತಿಗೆ ಸರಿಯಾಗಿ ತಾನೇ ಹೊಡೆಯುವ ಹಾಗೆ ಮಾಡಿದ್ದರು.

ಆದರೆ ಕರೆಂಟು ಹೋಗಿ ಬಂದಾಗಲೆಲ್ಲ, ಬೋರ್ಡು ಶುರುವಾಗಿ ಸಿದ್ಧವಾಗುವ ತನಕ ಗಂಟೆ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತಿತ್ತು. ಬೇಸಿಗೆ ಹತ್ತಿರವಾದಂತೆ ಕರೆಂಟಿಗೆ ಹೊತ್ತುಗೊತ್ತಿಲ್ಲದಾಯಿತು. ಪ್ರತಿ ಸಲವೂ ಲಕ್ಕಯ್ಯ ಕುಂಟುತ್ತ ಓಡಿ ಗಂಟೆಯ ಸ್ವಿಚ್ಚು ಆರಿಸಬೇಕು.

ಪೂರ್ವಸಿದ್ಧತಾ ಪರೀಕ್ಷೆಯ ದಿನ ಲಕ್ಕಯ್ಯ ನೀರು ತರಲು ಹೋಗಿದ್ದ. ಕರೆಂಟು ಬಂತು, ಗಂಟೆ ಹೊಡೆಯಿತು. ಹೊಸದಾಗಿ ಬಂದಿದ್ದ ಟೀಚರೊಬ್ಬರು ಹೊತ್ತಾಯಿತೆಂದು ಉತ್ತರಪತ್ರಿಕೆಗಳನ್ನು ಕಿತ್ತುಕೊಂಡರು. ಅರ್ಧ ಬರೆದಿದ್ದ ಮಕ್ಕಳು ಅತ್ತವು. ಹೆಡ್‌ಮಿಸ್ಟ್ರೆಸ್ ಪಾರ್ವತಮ್ಮ ಬೈಯಲಿಲ್ಲ. ಪರೀಕ್ಷೆ ಮತ್ತೆ ಮಾಡಬೇಕು ಎಂದಷ್ಟೇ ಹೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಮೇಷ್ಟ್ರಿಗೆ.

ಸಂಜೆ ಲಕ್ಕಯ್ಯ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತ. "ಏನೂ ಅನ್ಕಬ್ಯಾಡಿ ಸಾ. ಕಂಬಿ ಬಡಿಯಾದೇ ವಾಸಿ ಕಣ್ ಸಾ. ಈ ಓಟ ನನ್ ಕೈಲಾಗಕಿಲ್ಲ."

"ಭಾನುವಾರ ಒಂದಿನ ಕೊಡು ಲಕ್ಕಯ್ಯ. ಆಗ್ಲಿಲ್ಲ ಅಂದ್ರೆ ನಾನೇ ಬಿಚ್ಚಿಬಿಡ್ತೀನಿ."

ಭಾನುವಾರ ಹೊಳೆನರಸೀಪುರದ ಮನೆಯಿಂದ ಹೊರಟು, ಹಾಸನದಲ್ಲಿ ಬಸ್ಸು ಬದಲಿಸಿ ಶಾಲೆ ಸೇರುವಷ್ಟರಲ್ಲೇ ಮೇಷ್ಟ್ರಿಗೆ ಸಾಕಾಗಿತ್ತು. ಮೀಟರು ಹಿಡಿದು ನೋಡಿದರು. ಪ್ರೋಗ್ರಾಂ ಶುರುವಾಗುವ ಮುನ್ನ ಪಿನ್ನಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ಅದರಲ್ಲಿ ತಾನಾಗೇ ವೋಲ್ಟೇಜು ಏರಿ, ರಿಲೇ ಎಳೆದು ಗಂಟೆ ಹೊಡೆಸುತ್ತಿತ್ತು. ವೋಲ್ಟೇಜು ಹಾಗೆ ಏರದಂತೆ ಪಿನ್ನಿನಿಂದ ಗ್ರೌಂಡಿಗೆ ಒಂದು ರೆಸಿಸ್ಟರ್ ಬೆಸೆದು ಕರೆಂಟು ಹಾಕಿದರು. ಗಂಟೆ ಸುಮ್ಮನಿತ್ತು. ಬೋರ್ಡೂ ಸುಮ್ಮನಿತ್ತು; ಶುರುವಾಗಲೇ ಇಲ್ಲ.

ಸುಟ್ಟೇಹೋಯಿತೇನೋ ಎಂದು ಬೆಂಚಿನ ಮೇಲೆ ಕುಸಿದು ಕೂತರು. ತಂದಿದ್ದ ಬುತ್ತಿ ಬಿಚ್ಚುವ ಮನಸ್ಸೂ ಆಗಲಿಲ್ಲ. ಕೊನೆಗೆ ಪಿನ್ನಿನ ತಂತಿ ಬಿಚ್ಚಿ ನೋಡಿದರೆ ಬೋರ್ಡು ಶುರುವಾಯಿತು. ಮತ್ತೆ ಸೇರಿಸಿದರೆ ಇಲ್ಲ. ಆಗ ಹೊಳೆಯಿತು: ತಾನು ಎಲ್ಲಿಂದ ಶುರುವಾಗಬೇಕೆಂದು ತಿಳಿಯಲು ಬೋರ್ಡು ಮೊದಲು ನೋಡಿಕೊಳ್ಳುವುದೇ ಈ ಪಿನ್ನನ್ನು. ಅದನ್ನು ಗ್ರೌಂಡಿಗೆ ಎಳೆದರೆ ಬೋರ್ಡಿಗೆ ದಿಕ್ಕು ತಪ್ಪುತ್ತದೆ. ಇಷ್ಟು ದಿನ ಹಿಡಿದದ್ದೇ ತಪ್ಪು ಪಿನ್ನು.

ರಿಲೇಯನ್ನೂ ರೆಸಿಸ್ಟರನ್ನೂ ಬೇರೊಂದು ಪಿನ್ನಿಗೆ ಸರಿಸಿ ಬೆಸೆದರು, ಪ್ರೋಗ್ರಾಮಿನಲ್ಲಿ ಪಿನ್ನಿನ ನಂಬರು ತಿದ್ದಿದರು. ಆಮೇಲೆ ಮೇನ್ ಸ್ವಿಚ್ಚು ಎಷ್ಟು ಸಲ ಆರಿಸಿ ಹಾಕಿದರೂ ಗಂಟೆ ಸದ್ದೆತ್ತಲಿಲ್ಲ. ಹೊತ್ತಾದಾಗ ಮಾತ್ರ ಹೊಡೆಯಿತು.

ಸೋಮವಾರ ಮರುಪರೀಕ್ಷೆಯ ನಡುವೆ ಕರೆಂಟು ಹೋಗಿ ಬಂತು. ದಡಬಡಿಸಿ ಎದ್ದ ಲಕ್ಕಯ್ಯ, ಸದ್ದಿಲ್ಲದ್ದು ನೋಡಿ ಮತ್ತೆ ಸ್ಟೂಲಿನ ಮೇಲೆ ಕೂತು ಮಂಡಿ ನೀವಿಕೊಂಡ. ಪಾರ್ವತಮ್ಮ ಮಾತ್ರ, ಪಬ್ಲಿಕ್ ಪರೀಕ್ಷೆಗೆ ಯಾವ ಗಂಟೆಯೂ ಬೇಡ, ಕೈಗಡಿಯಾರವೇ ಸಾಕು ಎಂದರು. ಸಂಪತ್ಕುಮಾರರು ಹಾಗೇ ಆಗಲಿ ಎಂದರು. ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು ಕೂತವರಿಗೆ ಅಲ್ಲೇ ಜೋಂಪು ಹತ್ತಿತು.