ಮೂರನೆಯ ಬಾಟಲಿ

ನಮ್ಮ ಹೋಟೆಲಿನಲ್ಲಿ ಮೊದಲು ವೈನು, ಆಮೇಲೆ ಅಡುಗೆ. ಅಕ್ಕ ಬಾಟಲಿ ತೆರೆದು, ಗ್ಲಾಸಿಗೆ ಮೂಗಿಟ್ಟು, "ಇದಕ್ಕೆ ಕೊಬ್ಬಿರೋ ಮಾಂಸ ಬೇಕು ಕಣೇ" ಎಂದರೆ ನಾನು ಒಲೆ ಹಚ್ಚಬೇಕು. ಅವಳ ಮೂಗಿನ ಮುಂದೆ ನನ್ನ ಸೌಟಿನ ಆಟ ನಡೆಯುತ್ತಿರಲಿಲ್ಲ. ಹಾಳು ಜ್ವರವೊಂದು ಬಂದು ಆ ಮೂಗನ್ನೇ ಹೊತ್ತುಕೊಂಡು ಹೋಯಿತು. ಪಕ್ಕದಲ್ಲೇ ಹಾಲು ಸೀದು ಕರಕಲಾದರೂ ಅವಳಿಗೆ ತಿಳಿಯಲಿಲ್ಲ.

"ಯಾರ ಹತ್ರನಾದ್ರೂ ಬಾಯಿ ಬಿಟ್ಟೆಯೋ, ನೋಡು ಮತ್ತೆ" ಎಂದಳು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಆದರೂ ಹೋಟೆಲಿನ ಯಜಮಾನರಿಗೆ ಅನುಮಾನ ಬಂದಿತ್ತು. ಇಟಲಿಯ ಮೂರು ಕೆಂಪು ವೈನು ತರಿಸಿದರು, ಹೆಚ್ಚಿನವರು ಹೆಸರೂ ಕೇಳಿರದಂಥವು. ಯಾವುದಕ್ಕೆ ಯಾವ ಊಟ ಎಂದು ಅಕ್ಕ ಅವರೆದುರೇ ಹೇಳಬೇಕು. ತಪ್ಪಿದರೆ ಕೆಲಸ ಹೋದಂತೆಯೇ.

ಮೂರನ್ನೂ ಅವಳು ಹಿಂದೆ ಕುಡಿದು ನೋಡಿದ್ದಳು. ಅವುಗಳ ಪರಿಮಳಗಳನ್ನೆಲ್ಲ ಮಗ್ಗಿಯಂತೆ ಬಾಯಿಪಾಠ ಮಾಡಿದಳು. "ಮೂಗು ಹೋದ್ರೇನು, ತಲೆ ಇದೆಯಲ್ಲ!" ಎಂದು ನಕ್ಕಳು.

ಮೊದಲನೆಯದು ಸಾಗ್ರಾಂಟಿನೊ. ಬಾಯೆಲ್ಲ ಒಣಗಿಸುವಷ್ಟು ಒಗರು. ಒಗರಿಗೆ ಮೂಗು ಬೇಡ, ನಾಲಿಗೆ ಸಾಕು. ಜೊತೆಗಿಟ್ಟ ಕೊಬ್ಬಿನ ಕುರಿಮಾಂಸವನ್ನು ಯಜಮಾನರು ಮತ್ತೊಮ್ಮೆ ಬಡಿಸಿಕೊಂಡರು. ಎರಡನೆಯದು ಸ್ಕಿಯೊಪೆಟ್ಟಿನೊ. "ಕಾಳುಮೆಣಸಿನ ಘಮ ನೋಡಿ. ಹುರಿದ ಅಣಬೆ ಜೊತೆ ತಗೊಳ್ಳಿ" ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡು. ಯಜಮಾನರ ಮುಖ ಅರಳಿತು. ನನಗೂ ಹೋದ ಜೀವ ಬಂದಂತಾಯಿತು.

ಮೂರನೆಯದು ಲಾಕ್ರಿಮಾ, ಗುಲಾಬಿಯ ಪರಿಮಳಕ್ಕೆ ಹೆಸರಾದದ್ದು. ಅಡುಗೆಯವಳಿಗೂ ಒಂದು ಗ್ಲಾಸು ಕೊಡುವುದು ನಮ್ಮಲ್ಲಿ ವಾಡಿಕೆ. ಮೂಗಿನ ಹತ್ತಿರ ತಂದೆ. ಒದ್ದೆ ರಟ್ಟಿನ ಮುಗ್ಗುಲು ವಾಸನೆ! ಬಿರಡೆ ಕೆಟ್ಟು ವೈನೂ ಕೆಟ್ಟಿತ್ತು. ಮೊದಲಿನ ಅಕ್ಕನಾಗಿದ್ದರೆ ಅಂಥ ಬಾಟಲಿಯನ್ನು ಮೇಜಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ನಾನು ಕೆಮ್ಮಿದೆ, ಕಣ್ಸನ್ನೆ ಮಾಡಿದೆ. ಅವಳು ಕಣ್ಣು ಬಿಟ್ಟಿದ್ದರಲ್ಲವೇ ಕಾಣುವುದು!

"ಆಹಾ, ಗುಲಾಬಿ! ಈಗ ತಾನೇ ಕೊಯ್ದ ಹಾಗಿದೆ" ಎಂದಳು.

ಯಜಮಾನರು ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟರು. ಬೈದಿದ್ದರೆ ವಾಸಿಯಿತ್ತು. ನನ್ನತ್ತ ತಿರುಗಿ, "ನಾಳೆಯಿಂದ ವೈನನ್ನೂ ನೀವೇ ನೋಡ್ಕೊಳ್ಳಮ್ಮ" ಎಂದು ಎದ್ದು ಹೋದರು. ಆಗುವುದಿಲ್ಲ ಎನ್ನಬೇಕಿತ್ತು, ತಲೆಯಾಡಿಸಿಬಿಟ್ಟೆ. ಇಬ್ಬರೂ ಕೆಲಸ ಕಳೆದುಕೊಂಡು ಮನೆಯಲ್ಲಿ ಏನು ತಿನ್ನುವುದು? ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಕ್ಕ ನನ್ನ ಮುಖ ನೋಡಿದಳು. "ಏನ್ ವಾಸನೆ ಬರ್ತಿದೆ, ನಿಜ ಹೇಳೇ."

"ಮುಗ್ಗುಲು ಅಕ್ಕ. ಒದ್ದೆ ರಟ್ಟಿನ ಹಾಗೆ."

ಅವಳು ಗ್ಲಾಸಿಗೆ ಮೂಗಿಟ್ಟು ಉಸಿರೆಳೆದಳು. ಇನ್ನೂ ಬಲವಾಗಿ ಎಳೆದಳು. ಮೂಗಿನ ತುದಿ ವೈನಿಗೆ ತಾಗಿ ಕೆಂಪಾಯಿತು.

"ಇಷ್ಟು ಕೆಟ್ಟದ್ದೂ ಗೊತ್ತಾಗ್ತಿಲ್ಲ ಕಣೇ" ಎಂದಳು.